ನೀನು ಬಾಯಿ ತೆರೆಯದ ದಿನ

ನನ್ನ ಮನೆಯವಳು ಸಿಸಿಲಿಗೆ,

"ಇಲ್ಲಿ ಎಲ್ಲ ಕ್ಷೇಮ" ಎಂದು ಬರೆದು ಹೊಡೆದುಹಾಕಿದೆ. ಕ್ಷೇಮ ಕೇಳಬೇಕಾದವನು ನಾನು. ನೀನು ಎಲ್ಲಿದ್ದೀಯ? ಬೇರೆ ಗಂಡಂದಿರು ಈ ಪ್ರಶ್ನೆ ಕೇಳುವುದಿಲ್ಲ. ಹೆಂಡತಿ ದೇವರ ಹತ್ತಿರ ಇದ್ದಾಳೆ ಅಂದುಕೊಂಡು ಕಣ್ಣೊರೆಸಿಕೊಳ್ಳುತ್ತಾರೆ, ಸಮಾಧಿಗೆ ಹೂವಿಟ್ಟು ಬರುತ್ತಾರೆ. ನನಗೆ ಆ ಒಂದು ಮಾತನ್ನು ನಂಬಲಾಗಲಿಲ್ಲ. ಕೊಯ್ಲು ಮುಗಿಯಿತು, ಹೂಮಳೆ ಬಂತು, ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿ ಉದುರಿತು. ಆದರೂ ನಂಬಲಾಗಲಿಲ್ಲ. ಯಾಕೆಂದು ನಿನಗೇ ಗೊತ್ತು. ನಿನ್ನ ಕೊನೆಯ ದಿನ ಫಾದರ್ ಪರಮಪ್ರಸಾದ ಹಿಡಿದು ಮಂಚದ ಪಕ್ಕ ನಿಂತರು, ನೀನು ಬಾಯಿ ತೆರೆಯಲಿಲ್ಲ.

ಆ ಬೆಳಿಗ್ಗೆಯನ್ನು ಮತ್ತೆ ಮತ್ತೆ ಮೊದಲಿನಿಂದ ನೋಡುತ್ತೇನೆ. ಗಂಟಲಿನ ಗಡ್ಡೆ ಅಷ್ಟು ಹೊತ್ತಿಗೆ ನಿನ್ನ ಮಾತನ್ನು ಪೂರ್ತಿ ತಿಂದು ಮುಗಿಸಿತ್ತು. ಮಂಗಳೂರಿನ ಡಾಕ್ಟರು "ಮನೆಗೆ ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ" ಎಂದು ಕಳಿಸಿದ್ದರು. ಘಾಟಿ ಹತ್ತಿ ಬಣಕಲ್ ದಾಟುವವರೆಗೂ ಅವರು ಹೇಳಿದ್ದರ ಅರ್ಥ ನನಗೆ ಹೊಳೆದಿರಲಿಲ್ಲ. ಆ ದಿನ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ ಮೊಂಬತ್ತಿ ಹಚ್ಚಿಟ್ಟಿದ್ದೆ, ನೀನು ಬೇರೆ ರೋಗಿಗಳ ಮನೆಯಲ್ಲಿ ಮಾಡುತ್ತಿದ್ದ ಹಾಗೆಯೇ. ಫಾದರ್ ಹಣೆಗೆ ಎಣ್ಣೆ ಹಚ್ಚುವಾಗ ನೀನು ಕಣ್ಣು ಮುಚ್ಚಿ ತೆಪ್ಪಗೆ ಮಲಗಿದ್ದೆ. ಆಮೇಲೆ ಅವರು ಪುಟ್ಟ ಡಬ್ಬಿ ತೆರೆದು, ಆ ತೆಳು ಬಿಳಿ ರೊಟ್ಟಿಯನ್ನು ಎತ್ತಿ ಹಿಡಿದು "ಕ್ರಿಸ್ತರ ಶರೀರ" ಎಂದರು. ನೀನು ಅದನ್ನು ನೋಡಿದೆ. ನನ್ನನ್ನು ನೋಡಿದೆ. ತುಟಿ ಬಿಗಿದು ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟೆ. ಫಾದರ್ ಮೆಲ್ಲಗೆ ಇನ್ನೊಮ್ಮೆ ಕರೆದರು. ನಿನ್ನ ಕೈ ಬೇಡ, ಬೇಡ ಎಂದು ಆಡಿತು. ಸಂಜೆ ತೋಟದ ಕೆಲಸ ಬಿಡುವ ಹೊತ್ತಿಗೆ ನೀನು ಇರಲಿಲ್ಲ.

ಮದುವೆಯಾದ ಹೊಸದರಲ್ಲಿ ನನ್ನನ್ನು ಭಾನುವಾರ ಎಬ್ಬಿಸಲು ನೀನು ಪಟ್ಟ ಪಾಡು ನೆನಪಿದೆಯೇ? ನಾನು ಮಗ್ಗಲು ಬದಲಿಸಿ ಕಂಬಳಿ ಎಳೆದುಕೊಳ್ಳುತ್ತಿದ್ದೆ.

"ರೀ, ಫಾದರ್ ಈ ತೋಟಕ್ಕೆ ಬರೋದೇ ತಿಂಗಳಿಗೊಂದ್ಸಲ. ಅವತ್ತೂ ನೀವು ಮಲಗಿದ್ರೆ ಎಂತ ಮಾರಾಯ್ರೇ?"

"ನಂಗೂ ವಾರಕ್ಕೆ ಒಂದೇ ಭಾನುವಾರ ಕಣೇ."

"ದೇವರಿಗೂ ಅಷ್ಟೇ. ಏಳಿ, ಏಳಿ."

ನಾನು ಹುಟ್ಟು ಕ್ರೈಸ್ತನೇ. ಜ್ಞಾನಸ್ನಾನ ಆಗಿದೆ, ಎಲ್ಲ ಆಗಿದೆ. ಆದರೆ ಚಿಕ್ಕಮಗಳೂರಿನ ಕಾಲೇಜಿನಲ್ಲಿ ಬಿ.ಎ. ಅರ್ಧಕ್ಕೆ ಬಿಟ್ಟ ಹಾಗೆ ಭಕ್ತಿಯನ್ನೂ ಎಲ್ಲೋ ಅರ್ಧಕ್ಕೆ ಬಿಟ್ಟಿದ್ದೆ. ತೋಟದಲ್ಲಿ ಹಾಜರಿ ಬರೆಯುವ ರೈಟರಿಗೆ ಅಷ್ಟೇ ಸಾಕು ಅನ್ನಿಸಿತ್ತು. ನೀನು ಬಂದ ಮೇಲೆ ನಿನ್ನ ಹಿಂದೆ ಚಾಪೆಲ್ಲಿಗೆ ನಡೆದೆ. ಬೆಳಗಿನ ಮಂಜಿನಲ್ಲಿ ಮುಂದಿನದು ಏನೂ ಕಾಣುತ್ತಿರಲಿಲ್ಲ, ನಿನ್ನ ಹಿಮ್ಮಡಿ ಮಾತ್ರ ಕಾಣುತ್ತಿತ್ತು. ಅದನ್ನು ನೋಡಿಕೊಂಡು ಹೆಜ್ಜೆ ಇಟ್ಟೆ. ನನ್ನ ನಂಬಿಕೆ ಎಂದರೆ ಇಷ್ಟೇ, ಸಿಸಿಲಿ. ಮುಂದೆ ನಡೆಯುತ್ತಿದ್ದವಳೇ ಕೊನೆಯ ತಿರುವಿನಲ್ಲಿ ಮುಖ ತಿರುಗಿಸಿದರೆ ಹಿಂದಿನವನು ಎಲ್ಲಿಗೆ ಹೋಗಬೇಕು?

ಫಾದರ್ ಬಾರದ ಭಾನುವಾರಗಳನ್ನು ನೀನೇ ನಡೆಸುತ್ತಿದ್ದೆ. ಕೂಲಿಯವರ ಲೈನ್ ಮನೆಗಳ ಜನ, ಹೆಚ್ಚೆಂದರೆ ಒಂದು ಜೀಪು ತುಂಬುವಷ್ಟು, ಚಾಪೆಲ್ಲಿನ ಚಾಪೆಯ ಮೇಲೆ ಕೂರುತ್ತಿದ್ದರು. ಪೂಜೆ ಇಲ್ಲ, ಪ್ರಸಾದ ಇಲ್ಲ. ನೀನು ಆ ದಿನದ ಬೈಬಲ್ ವಾಚನ ಓದಿ, ನಿನಗೆ ತಿಳಿದಷ್ಟು ಹೇಳುತ್ತಿದ್ದೆ. "ವಾಕ್ಯ ಅಂದ್ರೆ ದಾರಿ ನಡೆಯೋವಾಗ ಜೊತೆಗೆ ಬರೋ ಮಾತು. ಪ್ರಸಾದ ಅಂದ್ರೆ ಮನೆ ಮುಟ್ಟಿದ ಮೇಲೆ ಬಡಿಸೋ ಊಟ. ಮಾತಿಲ್ದೆ ದಾರಿ ಸಾಗೋದಿಲ್ಲ, ಊಟ ಇಲ್ದೆ ಅದು ಮನೆ ಅನ್ಸೋದಿಲ್ಲ." ಆಗ ಹಿಂದಿನಿಂದ ಅಂತೋಣಿಯಮ್ಮನ ಗಂಟಲು, "ಹಂಗಾದ್ರೆ ನಾವು ಮೂರು ವಾರ ದಾರೀಲೇ ಅಮ್ಮ, ಊಟ ನಾಕನೇ ವಾರಕ್ಕೆ!" ಎಲ್ಲರಿಗಿಂತ ಜೋರಾಗಿ ನಕ್ಕವಳು ನೀನು.

ಎಮ್ಮಾವುಸಿನ ದಾರಿಯ ಕತೆಗೆ ನಾವಿಬ್ಬರೂ ಜಗಳವಾಡಿದ್ದು ನೆನಪಿರಬೇಕು. ಸತ್ತ ಗುರುವಿಗಾಗಿ ಅಳುತ್ತ ಹೋಗುವ ಶಿಷ್ಯರಿಬ್ಬರು. ಸಾವಿನಿಂದೆದ್ದ ಆ ಕ್ರಿಸ್ತನೇ ಅವರ ಜೊತೆಗೆ ನಡೆಯುತ್ತಾನೆ, ಶಾಸ್ತ್ರವೆಲ್ಲ ಬಿಡಿಸಿ ಹೇಳುತ್ತಾನೆ, ಆದರೂ ಗುರುತು ಹತ್ತುವುದಿಲ್ಲ. ಸಂಜೆ ಊಟಕ್ಕೆ ಕೂತು ರೊಟ್ಟಿ ಮುರಿದಾಗ ಗುರುತು ಹತ್ತುತ್ತದೆ. ಹತ್ತಿದ್ದೇ ತಡ, ಕಣ್ಣೆದುರಿನಿಂದ ಮಾಯ. ನಾನು ರೇಗಿದ್ದೆ.

"ಗುರುತು ಸಿಕ್ಕಿದ ಕೂಡ್ಲೇ ಎದ್ದು ಹೋಗೋದು ಎಂಥ ಮರ್ಯಾದೆ? ಊಟಕ್ಕೆ ಕೂತವ್ರು ಹಂಗೆ ಮಾಡ್ತಾರಾ?"

"ಹೋಗ್ಲಿಲ್ಲ ರೀ. ರೊಟ್ಟಿ ಅಲ್ಲೇ ಇತ್ತಲ್ಲ, ಅದ್ರಲ್ಲೇ ಇದ್ರು. ನಿಮ್ಗೆ ಕಾಲೇಜಲ್ಲಿ ಇದನ್ನೆಲ್ಲ ಹೇಳ್ಕೊಡ್ಲಿಲ್ವಾ?"

ಅದರಲ್ಲೇ ಇದ್ದರು ಎಂದವಳು ನೀನು. ಹಾಗಿರುವಾಗ ಅದನ್ನೇ ನೀನು...

ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ಸಮಾಧಾನ ಹೇಳದವರಿಲ್ಲ. ಮ್ಯಾನೇಜರು ಬಂದು "ಟೈಮ್ ಈಸ್ ದಿ ಬೆಸ್ಟ್..." ಎಂದು ನಿಲ್ಲಿಸಿದರು. ಡಾಕ್ಟರ್ ಎನ್ನಬೇಕಿತ್ತೋ, ಹೀಲರ್ ಎನ್ನಬೇಕಿತ್ತೋ, ಅವರಿಗೂ ಮರೆತಿತ್ತು, ನನಗೂ ಮರೆತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಆ ಪದ ಹುಡುಕುತ್ತ ಕೂತಿದ್ದೆವು. ಚಾಪೆಲ್ಲಿನ ಬೀಗದ ಕೈ ನಮ್ಮ ಮನೆಯಲ್ಲೇ ಉಳಿಯಿತು. ಫಾದರ್ ಬಾರದ ಭಾನುವಾರ ಯಾರೂ ಅದನ್ನು ಕೇಳಿಕೊಂಡು ಬರಲಿಲ್ಲ, ನಾನೂ ಕೊಡಲು ಹೋಗಲಿಲ್ಲ. ಫಾದರ್ ಬರುವ ಭಾನುವಾರ ಬಾಗಿಲು ತೆಗೆದು ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಿದ್ದೆ, ಪ್ರಸಾದದ ಸಾಲಿಗೆ ಹೋಗುತ್ತಿರಲಿಲ್ಲ. ನೀನು ಬೇಡವೆಂದದ್ದನ್ನು ನಾನು ಯಾವ ಬಾಯಲ್ಲಿ ತಿನ್ನಲಿ? ಪ್ರಾರ್ಥನೆ ಮಾಡುವಾಗ ದೇವರಿಗೂ ಒಂದೇ ಪ್ರಶ್ನೆ: ಇವಳಿಗೆ ಏನು ತೋರಿಸಿದೆ? ಅಂಥದ್ದೇನು ಕಂಡು ಅವಳು ಗೋಡೆಯ ಕಡೆ ತಿರುಗಿದಳು?

ಈಸ್ಟರ್ ಕಳೆದ ಮೇಲಿನ ಪೂಜೆಯ ದಿನ ನನ್ನ ಕೈ ಒಂದು ಕೆಲಸ ಮಾಡಿಬಿಟ್ಟಿತು. ನಮ್ಮ ಚಾಪೆಲ್ಲಿನ ಪದ್ಧತಿ ನಿನಗೇನು ಹೊಸತೇ? ಬಾಗಿಲ ಪಕ್ಕದ ಮೇಜಿನ ಮೇಲೆ ಇನ್ನೂ ಪೂಜೆಗೆ ಹೋಗದ ರೊಟ್ಟಿಗಳ ಡಬ್ಬಿ. ಪ್ರಸಾದ ತೆಗೆದುಕೊಳ್ಳುವವರು ಒಳಗೆ ಬರುವಾಗ ಚಿಮಟದಲ್ಲಿ ತಮ್ಮ ಪಾಲಿನದೊಂದನ್ನು ಎತ್ತಿ ಪಕ್ಕದ ಪಾತ್ರೆಗೆ ಹಾಕಬೇಕು, ಆ ಪಾತ್ರೆಯೇ ಬಲಿಪೀಠಕ್ಕೆ ಹೋಗುವುದು. ನೀನು ಒಳಗೆ ಬಟ್ಟೆ ಹಾಸುತ್ತ, ವಾಚನದ ಪುಟ ಹುಡುಕುತ್ತ ಇರುತ್ತಿದ್ದೆ. "ನಂದೂ ಹಾಕಿ ರೀ" ಎಂದು ಅಲ್ಲಿಂದಲೇ ಕೂಗುತ್ತಿದ್ದೆ. ಅಷ್ಟು ವರ್ಷ ನಿನ್ನದನ್ನು ಹಾಕಿದವನು ನಾನೇ ತಾನೇ? ಆ ದಿನ ಚಿಮಟ ಕೈಗೆ ಹೇಗೆ ಬಂತೋ, ನಿನ್ನದನ್ನು ಹಾಕಿಬಿಟ್ಟೆ. ನನ್ನದು ಹಾಕಲಿಲ್ಲ. ಗೋಡೆಗೆ ಒರಗಿದ ಮೇಲೆಯೇ ಗೊತ್ತಾದದ್ದು. ಆಗ ಹೋಗಿ ತೆಗೆಯೋಣವೆಂದರೆ ಪಾತ್ರೆ ಮುಂದಕ್ಕೆ ಹೋಗಿಯಾಗಿತ್ತು.

ಫಾದರ್ ಅವತ್ತು ಓದಿದ್ದೂ ಅದೇ ಎಮ್ಮಾವುಸಿನ ಕತೆ. ನಾನು ಕಿವಿ ಮುಚ್ಚಿಕೊಳ್ಳದಿದ್ದದ್ದೇ ಹೆಚ್ಚು. ಪ್ರಸಾದದ ಸಾಲು ಮುಗಿಯಿತು. ಫಾದರ್ ಪಾತ್ರೆಯೊಳಗೆ ನೋಡಿ, ತಲೆಯೆತ್ತಿ, "ಇನ್ನೂ ಒಬ್ಬರು ಬರ್ಬೇಕು" ಎಂದರು. ಯಾರೂ ಏಳಲಿಲ್ಲ. ಮಂಡಿಯೂರಿದ್ದ ಅಂತೋಣಿಯಮ್ಮ ಹಿಂದೆ ತಿರುಗಿ, ಪೂಜೆ ಎಂಬುದನ್ನೂ ಮರೆತು, "ರೈಟ್ರೇ, ಅದು ನಿಮ್ದೇ. ನೀವು ಹಾಕಿದ್ದು ನಾ ನೋಡ್ದೆ" ಅಂದಳು.

"ನಂದಲ್ಲ."

"ಮತ್ತೆ ಯಾರ್ದು?"

"ಅವಳದು," ಅಂದೆ. ಗಟ್ಟಿಯಾಗಿಯೇ ಅಂದೆನಂತೆ. ಎಲ್ಲರೂ ನನ್ನನ್ನೇ ನೋಡಿದರು. ಫಾದರ್ ಅದನ್ನು ತಾವೇ ಸ್ವೀಕರಿಸಿದರು. ನಾನು ಹೊರಗೆ ಓಡಿದೆ.

ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಕೂತಿದ್ದಾಗ ಅಂತೋಣಿಯಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. ನಿನ್ನ ಹಾಸಿಗೆ ಬಟ್ಟೆಗಳನ್ನು ಕೊನೆಯವರೆಗೆ ಒಗೆದವಳು, ಅವಳಿಗೆ ನನ್ನನ್ನು ಗದರಿಸುವ ಹಕ್ಕಿದೆ. "ಎಂತ ರೈಟ್ರೇ, ಪೂಜೇಲಿ ಹಿಂಗಾ ಮಾಡೋದು? ಆ ರೊಟ್ಟೀಲಿ ಸ್ವಾಮಿ ಕಾಯ್ತಾ ಇದ್ರಲ್ಲ!" ನನಗೆ ತಡೆಯಲಾಗಲಿಲ್ಲ. "ಅವಳೇ ಬೇಡ ಅಂದಳಲ್ಲ, ಅಂತೋಣಿಯಮ್ಮ. ನಾನ್ಯಾಕೆ ತಗೋಬೇಕು? ಸಾಯೋ ದಿನ ದೇವರನ್ನೇ ಬೇಡ ಅಂದುಬಿಟ್ಟಳು." ಇದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವಳು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದಳು. "ಅಯ್ಯೋ ದೇವ್ರೇ. ಇಷ್ಟು ದಿನ ಅಮ್ಮನ್ನ ಹಂಗೆ ಅಂದ್ಕೊಂಡು ಕೂತಿದ್ರಾ? ಅಮ್ಮ ಹೆದ್ರಿದ್ರು, ರೈಟ್ರೇ. ಒಂದು ಚಮಚ ಗಂಜಿ ತಿಳಿ ಕುಡಿಸಿದ್ರೂ ಕಕ್ತಿದ್ರಲ್ಲ. ಮಾತು ನಿಲ್ಲೋಕೆ ಮುಂಚೆ ನನ್ ಕಿವೀಗೆ ಬಾಯಿಟ್ಟು ಕೇಳಿದ್ರು, 'ಅಂತೋಣಿಯಮ್ಮ, ಸ್ವಾಮಿ ನನ್ ಬಾಯಿಗೆ ಬಂದು, ನಾನು ಹಿಂಗೇ ಕಕ್ಕಿಬಿಟ್ರೆ? ಈ ಗಲೀಜು ಬಟ್ಟೆ ಮೇಲೆ ಬಿದ್ರೆ?' ಅಂತ."

"ನೀನೇನಂದೆ?"

"ನಾನೇನು ಫಾದರಾ? ನಂಗೆ ಗೊತ್ತಿದ್ದದ್ದು ಹೇಳ್ದೆ. ತಗೊಂಡು ಕಕ್ಕೋದಕ್ಕಿಂತ ಹಸ್ಕೊಂಡು ಹೋಗೋದೇ ಮೇಲು ಅಮ್ಮ, ಬಾಯಿ ಕಟ್ಟಿಬಿಡಿ ಅಂದೆ. ಅಮ್ಮ ಹ್ಞೂಂ ಅಂದ್ರು. ಅತ್ರು." ಆಮೇಲೆ ನನ್ನ ಮುಖ ನೋಡಿ ಅವಳ ದನಿ ಇಳಿಯಿತು. "ಯಾಕ್ ರೈಟ್ರೇ? ನಾ ಹೇಳಿದ್ದು ತಪ್ಪಾ?"

ನನಗೆ ಒಂದು ಹಳೆಯ ಪೂಜೆ ಕಣ್ಣಿಗೆ ಕಟ್ಟಿತು. ಯಾರದೋ ನಾಲಗೆಯಿಂದ ಜಾರಿ ಪ್ರಸಾದ ನೆಲಕ್ಕೆ ಬಿದ್ದಿತ್ತು. ಆಗಿನ ಫಾದರ್ ಅದನ್ನು ಎತ್ತಿಕೊಂಡು ಆ ಜಾಗಕ್ಕೆ ಬಿಳಿ ಬಟ್ಟೆ ಮುಚ್ಚಿದರು. ಪೂಜೆ ಮುಗಿದ ಮೇಲೂ ನೀನು ಚಪ್ಪಲಿ ಕಳಚಿ ಅದರ ಪಕ್ಕ ಕಾವಲು ನಿಂತೆ, ಅವರು ಬಂದು ನೀರಿನಿಂದ ಒರೆಸುವವರೆಗೆ ಒಂದು ಮಗುವಿನ ಕಾಲೂ ಸೋಕದ ಹಾಗೆ. ಮನೆಗೆ ಬರುವಾಗ ನಾನು ತಮಾಷೆ ಮಾಡಿದ್ದಕ್ಕೆ ನೀನು ಮಾತು ಬಿಟ್ಟಿದ್ದೆ. ಅಂಥವಳು ನೀನು. ಗೋಡೆಯ ಕಡೆ ತಿರುಗಿದ್ದು ಬೇಡವಾಗಿ ಅಲ್ಲ. ನೋಡುತ್ತಿದ್ದರೆ ಬಾಯಿ ತಾನಾಗಿ ತೆರೆದುಬಿಟ್ಟೀತು ಎಂದು ತಿರುಗಿದ್ದೆಯೇನೇ?

ಜೀಪಿನ ಹತ್ತಿರ ಫಾದರಿಗೆ ಇದನ್ನು ಹೇಳಿದೆ. ನಮ್ಮ ಫಾದರ್ ಚಿಕ್ಕ ವಯಸ್ಸಿನವರು, ನಿನಗೆ ಗೊತ್ತು. ಅವರು ಜೀಪಿನ ಮೆಟ್ಟಿಲ ಮೇಲೆ ಕೂತರು. "ನಾನೂ ಬೇರೇನೇ ತಿಳ್ಕೊಂಡಿದ್ದೆ, ರೈಟರ್ ಸಾರ್. ಇಷ್ಟು ವರ್ಷ ಜನರಿಗೆ ವಾಕ್ಯ ಹೇಳಿದವರು ನನ್ನ ಕೈಯಿಂದ ಬೇಡ ಅಂದ್ರಲ್ಲ ಅಂತ... ಪ್ರತಿ ಪೂಜೇಲೂ ಆ ಕೈ ಕಣ್ಮುಂದೆ ಬರ್ತಿತ್ತು." ಆಮೇಲೆ ತಲೆ ಬಗ್ಗಿಸಿಕೊಂಡೇ ಹೇಳಿದರು. "ಸಾಸಿವೆಯಷ್ಟು ಚೂರು ಸಾಕಿತ್ತು. ಒಂದು ಚಮಚ ನೀರಲ್ಲಿ ಕೊಡಬಹುದಿತ್ತು. ಹೊರಗೆ ಬಂದಿದ್ರೆ ಬಟ್ಟೇಲಿ ಹಿಡಿದು, ನೀರಲ್ಲಿ ಕರಗಿಸಿ, ಯಾರೂ ತುಳೀದ ಮಣ್ಣಿಗೆ ಹಾಕ್ತಿದ್ವಿ. ಪಾಪ ಏನೂ ಅಲ್ಲ. ಅವರಿಗೆ ಬಾಯಿ ಇರ್ಲಿಲ್ಲ ಕೇಳೋಕೆ. ನಂಗೆ ಇತ್ತು, ನಾನು ಯಾಕೆ ಅಂತ ಕೇಳ್ಲಿಲ್ಲ."

ಸಾಸಿವೆಯಷ್ಟು, ಸಿಸಿಲಿ! ಮನೆಗೆ ಬಂದು ನಿನ್ನ ಮಂಚದ ಕಾಲು ಹಿಡಿದು ಕೂತೆ. ಮೊದಲು ನೀನು ದೇವರನ್ನು ಬಿಟ್ಟೆಯೆಂಬ ಸಂಕಟವಿತ್ತು. ಅದು ಹೋಯಿತು, ಹೋದ ಜಾಗಕ್ಕೆ ಅದಕ್ಕಿಂತ ದೊಡ್ಡದು ಬಂದು ಕೂತಿತು. ನೀನು ಹಸಿದುಕೊಂಡು ಹೋದೆ. ಎದುರಿಗೆ ಅನ್ನ ಇದ್ದು, ಬಡಿಸುವವರು ಇದ್ದು, ಬೇಕು ಬೇಕೆಂದು ಜೀವ ಬಡಿದುಕೊಳ್ಳುತ್ತಿದ್ದು, ಗೌರವಕ್ಕೋಸ್ಕರ ಬಾಯಿ ಕಟ್ಟಿಕೊಂಡೆ. ಒಂದು ಮಾತು ಹೇಳುವವರಿರಲಿಲ್ಲ. ಮೂರು ಜನ ಇದ್ದೆವು ನಿನ್ನ ಸುತ್ತ, ಒಬ್ಬರಿಗೂ... ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಐರನಿ ಎಂದರೇನೆಂದು ಕೇಳಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಈಗ ಕೇಳಲಿ ಅವರು. ದೇವರೇ, ನೀನಾದರೂ ಅವಳಿಗೆ ಹೇಳಬಾರದಿತ್ತೇ ಎಂದು ಕೂಗಿದೆ. ಈಗಲೂ ಕೂಗುತ್ತೇನೆ. ಉತ್ತರ ಬಂದಿಲ್ಲ. ಬಂತೆಂದು ನಿನಗೆ ಸುಳ್ಳು ಬರೆಯುವುದಿಲ್ಲ.

ಅಂತೋಣಿಯಮ್ಮನಿಗೆ ಮಾತ್ರ ಒಂದು ಸುಳ್ಳು ಹೇಳಿದೆ. "ತಪ್ಪೇನಿಲ್ಲ, ನೀನು ಹೇಳಿದ್ದೇ ಸರಿ" ಅಂದೆ. ನೀನಾದರೂ ಹಾಗೆಯೇ ಹೇಳುತ್ತಿದ್ದೆ, ಅಲ್ಲವೇ?

ಹೋದ ಗುರುವಾರ ಎಸ್ಟೇಟ್ ಆಫೀಸಿಗೆ ಫಾದರ್ ಫೋನು ಮಾಡಿದರು. ದೇವರಮನೆ ಬೆಟ್ಟದ ಕಡೆಯ ಒಂದು ತೋಟದಲ್ಲಿ ಪೌಲಣ್ಣ ಎಂಬ ಹಳೆಯ ಲಾರಿ ಡ್ರೈವರ್ ಮಲಗಿದ್ದಾನೆ, ಅವನಿಗೂ ಗಂಟಲು, ಅವನೂ ಪ್ರಸಾದ ಬೇಡವೆಂದು ತಲೆಯಾಡಿಸುತ್ತಾನೆ, ನೀವು ಬನ್ನಿ ಎಂದರು. ನಾನ್ಯಾಕೆ, ನನಗೇನು ಗೊತ್ತು ಎಂದೆ. "ನೀವೇ ಬೇಕು" ಎಂದು ಫೋನಿಟ್ಟರು. ಮಧ್ಯಾಹ್ನ ಜೀಪು ಬಂದೇಬಿಟ್ಟಿತು. ದಾರಿಯಲ್ಲಿ ಫಾದರ್, ಪಾಪನಿವೇದನೆ ಮಾಡಿ ಎಷ್ಟು ಕಾಲವಾಯಿತು ಎಂದು ಕೇಳಿದರು. ಅಲ್ಲೇ ಶುರು ಮಾಡಿದೆ. ದೇವರ ಮೇಲಿನ ಸಿಟ್ಟು, ನಿನ್ನ ಮೇಲಿನ ಅನುಮಾನ, ಎಲ್ಲ. ಮುಗಿಸಿದಾಗ ಅವರು ಕ್ಷಮೆಯ ಶಿಲುಬೆ ಗುರುತು ಹಾಕಲು ಕೈಯೆತ್ತಿದರು, ಎದುರಿಗೆ ತಿರುವು.

"ಫಾದರ್, ಸ್ಟೇರಿಂಗ್ ಹಿಡೀರಿ!"

"ಒಂದು ಕೈಯಲ್ಲಿ ಹಿಡಿದೀನಲ್ಲ ಸಾರ್. ನೀವು ಆಮೆನ್ ಅನ್ನಿ ಬೇಗ."

ಅಂದೆ. ನೀನು ಹೋದ ಮೇಲೆ ನಕ್ಕದ್ದು ಅದೇ ಮೊದಲು. ನಕ್ಕದ್ದಕ್ಕೆ ಮತ್ತೆ ಅಳು ಬಂತು.

ಪೌಲಣ್ಣನ ಕೋಣೆಯ ವಾಸನೆ ನನ್ನನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿತು. ಅದೇ ವಾಸನೆ, ನಮ್ಮ ಕೋಣೆಯದು. ಅವನ ಹೆಂಡತಿ ಗೋಡೆ ಪಕ್ಕ ಗಲೀಜು ಬಟ್ಟೆಗಳನ್ನು ಬಚ್ಚಿಡುತ್ತಿದ್ದಳು. ಪೌಲಣ್ಣ ಫಾದರನ್ನು ಕಂಡದ್ದೇ ತುಟಿ ಬಿಗಿದ. ಆ ತುಟಿಯನ್ನು ನಾನು ಬಲ್ಲೆ, ಸಿಸಿಲಿ! ಹೋಗಿ ಅವನ ಪಕ್ಕ ಕೂತೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. "ಪೌಲಣ್ಣ, ಕಕ್ತೀನಿ ಅಂತ ಹೆದರಿಕೆಯಾ?" ಎಂದೆ. ಅವನು ನನ್ನನ್ನು ನೋಡಿದ. ಕಣ್ಣಿನ ಅಂಚಿನಿಂದ ನೀರು ಕಿವಿಗೆ ಹರಿಯಿತು. "ನನ್ನ ಹೆಂಡ್ತೀನೂ ಹಂಗೇ ಹೆದರಿದ್ಲು. ಅವಳಿಗೆ ಯಾರೂ ಹೇಳ್ಲಿಲ್ಲ. ನಿಂಗೆ ನಾನು ಹೇಳ್ತಿದೀನಿ. ಒಂದು ಸಾಸಿವೆಯಷ್ಟು, ನೀರಲ್ಲಿ. ಬಂದ್ರೆ ಬರ್ಲಿ ಮಾರಾಯ, ನನ್ನ ಕೈಗೇ ಬರ್ಲಿ." ಅವನ ಹೆಂಡತಿಯಿಂದ ಒಂದು ಬಟ್ಟಲು, ಒಗೆದ ಬಟ್ಟೆ ಇಸಿದುಕೊಂಡು ಅವನ ಗಲ್ಲದ ಕೆಳಗೆ ಹಿಡಿದೆ. ಪೌಲಣ್ಣ ತನ್ನ ಕೈಯನ್ನು ನನ್ನ ಮಣಿಕಟ್ಟಿನ ಮೇಲಿಟ್ಟು ಬಾಯಿ ತೆರೆದ.

ಫಾದರ್ ಚಮಚದ ನೀರಲ್ಲಿ ಒಂದು ಚೂರು ಕೊಟ್ಟರು. ಅವನು ಕೆಮ್ಮಿದ. ಫಾದರ್, ನಾನು, ಅವನ ಹೆಂಡತಿ, ಮೂವರೂ ಬಟ್ಟಲಿನ ಮೇಲೆ ಬಗ್ಗಿದೆವು. ಬಟ್ಟಲಿಗೆ ಏನೂ ಬೀಳಲಿಲ್ಲ. ಅವನು ಕಣ್ಣು ಮುಚ್ಚಿದ, ಮುಖದ ಗಂಟು ಬಿಚ್ಚಿತು. ಅದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು. ಈ ಮುಖ ನಿನ್ನದಾಗಬೇಕಿತ್ತು, ನಿನ್ನದು... ಫಾದರಿನ ಕೈಯಲ್ಲಿ ಅಂಚು ಮುರಿದ ರೊಟ್ಟಿ ಹಾಗೇ ಇತ್ತು. ನನ್ನ ಕಡೆ ತಿರುಗಿದರು. "ಕ್ರಿಸ್ತರ ಶರೀರ" ಎಂದರು. ಬಟ್ಟಲನ್ನು ಇನ್ನೂ ಹಿಡಿದುಕೊಂಡೇ ಇದ್ದೆ. ಹಾಗೆಯೇ ತೆಗೆದುಕೊಂಡೆ. ನುಂಗಲು ಬಹಳ ಹೊತ್ತು ಬೇಕಾಯಿತು. ನುಂಗಿದೆ.

ಹೊರಡುವಾಗ ಅವನ ಹೆಂಡತಿ ಜೀಪಿನವರೆಗೆ ಬಂದು ಕೇಳಿದಳು. "ಮುಂದಿನ ಗುರುವಾರ ಫಾದರ್ ಬರ್ತಾರಂತೆ. ಬಟ್ಲು ಹಿಡಿಯೋಕೆ ನೀವೂ ಬರ್ತೀರಾ ಅಣ್ಣ? ಅವ್ರು ಸನ್ನೆ ಮಾಡಿ ಕೇಳ್ತಿದಾರೆ."

ಬರುತ್ತೇನೆ ಎಂದಿದ್ದೇನೆ, ಸಿಸಿಲಿ. ಅವನು ಇರುವಷ್ಟು ದಿನ.